ಪದಚರ್ಚೆ: ‘ಅಲಾರಂ ಫಟೀಗ್’ಗೆ ‘ದಣಿವು’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಐಸಿಯು ನರ್ಸ್‌ಗಳ ತರಬೇತಿಗೆಂದು ಪೇಷಂಟ್ ಮಾನಿಟರ್ ಬಗ್ಗೆ ಒಂದು ಸಣ್ಣ ಕೈಪಿಡಿ ಕನ್ನಡದಲ್ಲಿ ತಯಾರಾಗುತ್ತಿದೆ. ಅದನ್ನು ತಿದ್ದುವ ಕೆಲಸ ನನ್ನದು. ಅದರಲ್ಲಿ ‘ಅಲಾರಂ ಫಟೀಗ್’ (ಅಲಾರಂ ಕೇಳಿ ಕೇಳಿ ಅದರ ಕಡೆ ಗಮನವೇ ಹೋಗದಂತಾಗುವುದು) ಅನ್ನೋದನ್ನು ‘ಅಲಾರಂ ದಣಿವು’ ಎಂದು ಬರೆದಿದ್ದಾರೆ. ನನಗೇಕೋ ಒಪ್ಪಿಗೆಯಾಗುತ್ತಿಲ್ಲ.

ಮಾನಿಟರ್ ನಾಡಿ, ಬಿಪಿ, ಉಸಿರು, ಆಕ್ಸಿಜನ್ ಎಲ್ಲವನ್ನೂ ನೋಡುತ್ತಿರುತ್ತದೆ. ಯಾವುದಾದರೂ ಮಿತಿ ದಾಟಿದರೆ ಕೂಗುತ್ತದೆ. ಆದರೆ ಸುಮ್ನೆ ಕೂಗೋದೇ ಜಾಸ್ತಿ. ರೋಗಿ ಮಗ್ಗುಲು ಬದಲಿಸಿದರೆ ಆಕ್ಸಿಜನ್ ಅಳೆಯಲು ಬೆರಳಿಗೆ ಸಿಕ್ಕಿಸಿದ ಪ್ರೋಬ್ ಜಾರುತ್ತದೆ. ಎದೆಗೆ ಅಂಟಿಸಿದ ಇಸಿಜಿ ಎಲೆಕ್ಟ್ರೋಡ್ ಒಣಗುತ್ತದೆ. ಪ್ರೋಬ್ ಹಾಕಿದ ಕೈಗೇ ಬಿಪಿ ಪಟ್ಟಿಯನ್ನೂ ಸುತ್ತಿದ್ದರೆ, ಪಟ್ಟಿ ಬಿಗಿದಾಗಲೆಲ್ಲ ಬೆರಳಿಗೆ ರಕ್ತ ಹೋಗದೆ ‘ಆಕ್ಸಿಜನ್ ಕಡಿಮೆ’ ಎಂದು ಅಲಾರಂ! ಸಿಒಪಿಡಿ (ಉಸಿರಾಟಕ್ಕೆ ತೊಂದರೆ ಕೊಡುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರಿಗೆ ಆಕ್ಸಿಜನ್ ಶೇಕಡ 88ರಿಂದ 92 ಇದ್ದರೆ ಸಾಕು ಎಂದು ಡಾಕ್ಟರ್ ಬರೆದಿರುತ್ತಾರೆ. ಮಾನಿಟರ್‌ನ ಕೆಳಮಿತಿಯನ್ನು 90ಕ್ಕೇ ಬಿಟ್ಟಿದ್ದರೆ ಅದು ರಾತ್ರಿಯೆಲ್ಲ ಕೂಗುತ್ತಲೇ ಇರುತ್ತದೆ.

ನೂರಕ್ಕೆ 85ರಿಂದ 99 ಅಲಾರಂಗಳಿಗೆ ಯಾವ ಚಿಕಿತ್ಸೆಯೂ ಬೇಕಿರುವುದಿಲ್ಲ ಅನ್ನೋ ಅಂದಾಜನ್ನು ಆಸ್ಪತ್ರೆಗಳ ಗುಣಮಟ್ಟ ಪರಿಶೀಲಿಸುವ ಅಮೆರಿಕದ ಸಂಸ್ಥೆ ಜಾಯಿಂಟ್ ಕಮಿಷನ್ 2013ರಲ್ಲಿ ಕೊಟ್ಟಿತ್ತು. ಇಷ್ಟು ಹುಸಿ ಕೂಗು ಕೇಳಿದ ಮೇಲೆ ನಿಜವಾದದ್ದೂ ಕಿವಿಗೆ ಬೀಳುವುದಿಲ್ಲ. ಬಿದ್ದರೂ ಕೈ ತಾನಾಗಿ ಸೈಲೆನ್ಸ್ ಬಟನ್ ಒತ್ತಿಬಿಡುತ್ತದೆ. 2009ರಿಂದ 2012ರ ಮಧ್ಯದವರೆಗೆ ಆ ಕಮಿಷನ್‌ಗೆ ವರದಿಯಾದ, ಅಲಾರಂಗೆ ಸಂಬಂಧಿಸಿದ 98 ಅವಘಡಗಳಲ್ಲಿ 80 ಮಂದಿ ಸತ್ತಿದ್ದರು.

ಇದು ದಣಿವಲ್ಲ, ಅಲ್ವಾ? ದಣಿವು ನಿದ್ದೆ ಮಾಡಿದರೆ ಹೋಗುತ್ತದೆ. ಇದು ಚೆನ್ನಾಗಿ ಮಲಗೆದ್ದು ಡ್ಯೂಟಿಗೆ ಬಂದವರನ್ನೂ ಬಿಡುವುದಿಲ್ಲ. ಒಬ್ಬರು ‘ಅಲಾರಂ ಉದಾಸೀನ’ ಎಂದರು. ಅದಂತೂ ಬೇಡವೇ ಬೇಡ. ಯಂತ್ರದ ತಪ್ಪನ್ನು ತಂದು ಸಿಸ್ಟರ್ ತಲೆಗೆ ಕಟ್ಟಿದ ಹಾಗೆ. ‘ಅಲಾರಂ ಕಾಟ’ ನನಗೆ ಇಷ್ಟ, ಆದರೆ ಅದು ಸದ್ದಿನ ಹೆಸರು, ಸದ್ದಿನಿಂದ ಆಗೋದರ ಹೆಸರಲ್ಲ. ‘ಕಿವಿ ಮರಗಟ್ಟುವುದು’ ಅರ್ಥಕ್ಕೆ ಹತ್ತಿರ. ಆಸ್ಪತ್ರೆಯಲ್ಲಿ ಮಾತ್ರ ‘ಮರಗಟ್ಟಿದೆ’ ಅಂದರೆ ರೋಗಿಯ ದೂರು. ಇಎನ್‌ಟಿ ಡಾಕ್ಟರನ್ನು ಕರೆದಾರು! ‘ದಿನಾ ಸಾಯೋರಿಗೆ ಅಳೋರ್ಯಾರು’ ಗಾದೆ ಅಚ್ಚುಕಟ್ಟಾಗಿ ಹೊಂದುತ್ತದೆ. ಐಸಿಯು ಕೈಪಿಡಿಯಲ್ಲಿ ಅದನ್ನು ಅಚ್ಚು ಹಾಕೋ ಧೈರ್ಯ ಯಾರಿಗಿದೆ?

ನನ್ನ ಒಲವು ‘ಒಗ್ಗಿಹೋಗು’ ಕಡೆಗೆ. ‘ಮಿತಿಗಳನ್ನು ರೋಗಿಗೆ ತಕ್ಕಂತೆ ಹೊಂದಿಸದಿದ್ದರೆ ಕಿವಿ ಅಲಾರಂಗೆ ಒಗ್ಗಿಹೋಗುತ್ತದೆ’ ಎಂದು ಬರೆದರೆ ಓದಿದ ಕೂಡಲೇ ತಿಳಿಯುತ್ತದೆ. ಎರಡು ತೊಡಕಿವೆ. ತಲೆಬರಹಕ್ಕೆ ಹೆಸರುಪದ ಬೇಕು, ‘ಕಿವಿಯೊಗ್ಗು’ ಅಂದರೆ ಯಾರಿಗೂ ಅರ್ಥವಾಗಲಿಕ್ಕಿಲ್ಲ. ಇನ್ನೊಂದು, ಊರಿನ ನೀರು ಒಗ್ಗಿತು ಅನ್ನುವಾಗ ಒಳ್ಳೆಯದೇ ಆಯಿತು ಅನ್ನೋ ಧ್ವನಿ ಇರುತ್ತದೆ. ಇಲ್ಲಿ ಆಗೋದು ಅಪಾಯ.

ಜೊತೆಗೊಂದು ಚಿಕ್ಕ ಪ್ರಶ್ನೆ. ರೋಗಿಯ ಸ್ಥಿತಿ ಕೆಟ್ಟಾಗ ಬರುವ ಅಲಾರಂ ಬೇರೆ, ವೈರ್ ಕಳಚಿದಾಗ ಬರುವುದು ಬೇರೆ. ಕರಡಿನಲ್ಲಿ ‘ಶಾರೀರಿಕ’, ‘ತಾಂತ್ರಿಕ’ ಎಂದಿದೆ. ‘ರೋಗಿ ಅಲಾರಂ’, ‘ಮಷೀನ್ ಅಲಾರಂ’ ಅಂದರೆ ತೀರಾ ಸಡಿಲವಾಯಿತೇ?

‘ಅಲಾರಂ’ ಪದ ಹಾಗೇ ಉಳಿಯಲಿ, ವಾರ್ಡಿನಲ್ಲಿ ‘ಎಚ್ಚರಗಂಟೆ’ ಅನ್ನುವವರು ಯಾರೂ ಇಲ್ಲ. ನಿಮ್ಮಲ್ಲಿ ಯಾರಾದರೂ ನರ್ಸಿಂಗ್‌ನಲ್ಲಿದ್ದರೆ, ಅಥವಾ ಮನೆಯವರು ಇದ್ದರೆ, ನೈಟ್ ಡ್ಯೂಟಿಯಲ್ಲಿ ಇದಕ್ಕೆ ನೀವು ನೀವೇ ಏನನ್ನುತ್ತೀರಿ ತಿಳಿಸಿ. ಮಂಗಳೂರು, ಧಾರವಾಡ, ಕಲಬುರಗಿ ಕಡೆಯ ಮಾತುಗಳೂ ಬರಲಿ.