ಪಿಯಾನೊ ಕೀ ಲೆವೆಲ್ ಮಾಡ್ಲಾಕ ತೂಕದ ತುಂಡು ನಾವೇ ಹ್ಯಾಂಗ ಮಾಡಕೋಬೇಕು?

ಕಲಬುರಗಿ_88:
ಕಲಬುರಗಿ ಶಾಲಿಯೊಂದರ ಅಪ್‌ರೈಟ್ ಪಿಯಾನೊ. ನಡುವಿನ ಬಿಳಿ ಕೀಗಳು 1.5 ಎಂಎಂ ತನಕ ತಗ್ಗ್ಯಾವ. ಆ್ಯಕ್ಷನ್ (ಕೀ ಒತ್ತಿದಾಗ ತಂತಿಗೆ ಹೊಡಿಯೋ ಸುತ್ತಿಗಿ ಯಂತ್ರ) ಹೊರಗ ತೆಗದ್ರ ಹಿಂದಿನ ಭಾರ ಹೋಗಿ ಕೀ ಮುಂದಕ್ಕ ವಾಲ್ತಾವ, ಅಳತಿ ಸಿಗಂಗಿಲ್ಲ. 10 ಎಂಎಂ ಟಿಎಂಟಿ ಸಳಿ ಕೊಯ್ದು ಹಿಂದ ಇಟ್ರ ನಡೀತದೇನ್ರಿ? ಒಂದಕ್ಕ ಎಷ್ಟು ಗ್ರಾಂ?

ಬೀದರ್_ಫೆಲ್ಟ್:
ಟಿಎಂಟಿ ಬ್ಯಾಡ್ರಿ, ಉರುಳ್ತದ. ವೆಲ್ಡಿಂಗ್ ಅಂಗಡ್ಯಾಗ 10 ಎಂಎಂ ಚೌಕ ರಾಡ್ ಕೇಳ್ರಿ. 65 ಎಂಎಂ ತುಂಡು ಸುಮಾರು 51 ಗ್ರಾಂ ತೂಗ್ತದ. ಬ್ಲೇಡ್ 3 ಎಂಎಂ ತಿಂದ್ರೂ 6 ಮೀಟರ್ ರಾಡಿನಾಗ 88 ಕೀಗೂ 88 ತುಂಡು ಬರ್ತಾವ, ಉಳಿಯೋದು ಬೆರಳಗಲ ಅಷ್ಟ. 12 ಎಂಎಂ ರಾಡ್ ಬ್ಯಾಡ. ಹಿಂದ ಒಂದು ಕೀಗೆ ಸಿಗೋ ಜಾಗ 14 ಎಂಎಂ ಒಳಗ. ಚೂರು ಸೊಟ್ಟ ಆದ್ರ ಪಕ್ಕದ ಕೀಗೆ ತಾಗಿ ಎರಡರ ಅಳತಿನೂ ಸುಳ್ಳಾಗ್ತದ.

ಅಂಚು ಅರದಿಂದ ಉಜ್ಜಿ, ತಳಕ್ಕ ತೆಳು ಫೆಲ್ಟ್ (ಒತ್ತಿದ ಉಣ್ಣಿ ಬಟ್ಟಿ) ಅಂಟಸ್ರಿ. ಪ್ರತಿ ಕೀದಾಗೂ ಕ್ಯಾಪ್‌ಸ್ಟನ್‌ಗೆ (ಕೀ ಹಿಂಭಾಗದಾಗ ಆ್ಯಕ್ಷನ್ ಎತ್ತೋ ತಿರುಪು) ಆನಿಸಿ ಒಂದೇ ಕಡೆ ಇಡ್ರಿ. ಜಾಗ ಬದಲಾದ್ರ ಕೀ ಹಿಂದಿನ ತುದಿ ಕೆಳಗಿನ ಫೆಲ್ಟ್ ಮ್ಯಾಲಿನ ಒತ್ತಡನೂ ಬದಲಾಗ್ತದ.

ಇಡೀ ರಾಡ್ ಕೊಯ್ಯೋ ಮೊದಲ ಒಂದೇ ತುಂಡಿನಿಂದ ಪರೀಕ್ಷೆ ಮಾಡ್ರಿ, ಇದನ್ನ ಬಿಡಬ್ಯಾಡ್ರಿ. ಆ್ಯಕ್ಷನ್ ಇದ್ದಾಗ ನಾಕು ಕೀದ ಮುಂದಿನ ತುದಿ ಎಷ್ಟು ಎತ್ತರ ಅದ ಬರಕೋರಿ. ಆ್ಯಕ್ಷನ್ ತೆಗೆದು, ತುಂಡು ಇಟ್ಟು ಅವನ್ನೇ ಅಳೀರಿ. ತಗ್ಗಿ ಬಂದ್ರ ತೂಕ ಸಾಲ್ತಿಲ್ಲ. ತುಂಡಿನ ಮ್ಯಾಲ ಹತ್ತು ರೂಪಾಯಿ ನಾಣ್ಯ (ಒಂದು ಸುಮಾರು 7.7 ಗ್ರಾಂ) ಏರಸ್ತಾ ಹೋಗ್ರಿ, ಎತ್ತರ ಹೊಂದಿದಾಗ ಉದ್ದ ಲೆಕ್ಕ ಹಾಕ್ರಿ. 10 ಎಂಎಂ ಉದ್ದಕ್ಕ 7.85 ಗ್ರಾಂ.

ಯಾದಗಿರಿ_ಸ್ವರ:
ತೂಕಕ್ಕಿಂತ ಮೊದಲ ಫೆಲ್ಟ್ ನೋಡ್ರಿ. 1.5 ಎಂಎಂ ತಗ್ಗ್ಯಾವ ಅಂದ್ರ ಬ್ಯಾಲೆನ್ಸ್ ರೇಲಿನ (ಕೀ ನಡುವ ಆನಿ ತೂಗೋ ಪಟ್ಟಿ) ಫೆಲ್ಟ್ ಬಿಲ್ಲೆಗಳನ್ನ ನುಸಿ ತಿಂದಿರಬೇಕು, ಇಲ್ಲಾ ಸವದಿರಬೇಕು. ಹೊಸಾ ಬಿಲ್ಲೆ ಹಾಕಿದ ಮ್ಯಾಲೇ ಕಾಗದ ಹಾಕಿ ಕೀ ಎತ್ತರ ಹೊಂದಸೋ ಕೆಲಸ. 80 ಜಿಎಸ್‌ಎಂ ಜೆರಾಕ್ಸ್ ಕಾಗದ ಸುಮಾರು 0.1 ಎಂಎಂ, ಆ ರೇಲಿನ ಪಿನ್ ಹತ್ರ ಒಂದು ಹಾಕಿದ್ರ ಕೀ ತುದಿ ಸುಮಾರು 0.2 ಏಳ್ತದ. ಕಾಗದ ಯಾವಾಗ್ಲೂ ಫೆಲ್ಟ್ ಕೆಳಗ. ಮ್ಯಾಲ ಹಾಕಿದ್ರ ಟಕ್ ಅಂತದ. ಏಳೆಂಟು ಪೇರಿಸಿದ್ರ ಮೆತ್ತಗಾಗ್ತದ, ಅಲ್ಲಿ ಒಂದು ದಪ್ಪ ಕಾರ್ಡ್ ಹಾಕ್ರಿ.

52 ಬಿಳಿ ಕೀ ಸುಮಾರು 122 ಸೆಂ.ಮೀ. ಆಗ್ತಾವ, ಮ್ಯಾಲಿಟ್ಟು ಎತ್ತರ ನೋಡ್ಲಾಕ ಐದು ಅಡಿ ಅಲ್ಯೂಮಿನಿಯಂ ಪಟ್ಟಿ ಬೇಕು. ಅದು ನೆಟ್ಟಗ ಅದ ಇಲ್ಲ ಅಂತ ಶಹಾಬಾದ್ ಫರಸಿ ಮ್ಯಾಲಿಟ್ಟು ನೋಡಬ್ಯಾಡ್ರಿ, ಕಲ್ಲಿನ ಮೈಯೇ ಸಮ ಇರಂಗಿಲ್ಲ. ಎರಡು ಪಟ್ಟಿ ಅಂಚಿಗಂಚು ಹಚ್ಚಿ ಬೆಳಕಿಗೆ ಹಿಡೀರಿ, ಒಂದನ್ನ ತಿರುಗಿಸಿ ಮತ್ತ ಹಿಡೀರಿ.

ಕಲಬುರಗಿ_88:
88 ತುಂಡೂ ಬೇಕೇ ಬೇಕೇನ್ರಿ?

ಬೀದರ್_ಫೆಲ್ಟ್:
52 ಸಾಕು. ಬಿಳಿ ಮುಗಿಸಿ ಅವನ್ನೇ ಕರಿ ಕೀಗೆ ಇಡ್ರಿ. ಆ್ಯಕ್ಷನ್ ಕೂಡಿಸಿದ ಮ್ಯಾಲ ಕ್ಯಾಪ್‌ಸ್ಟನ್ ನೋಡ್ರಿ. ಕೀ ಏರಿದ ಕಡೆ ಅದೂ ಚೂರು ಏರಿ ಹ್ಯಾಮರ್ (ಸುತ್ತಿಗಿ) ತನ್ನ ರೇಲಿನಿಂದ ಎದ್ದಿರ್ತದ, ಅಲ್ಲಿ ಇಳಸ್ರಿ. ಕೀ ಒತ್ತುವ ಆಳ 10 ಎಂಎಂ ಹತ್ರ ಹೊಂದಸ್ಲಾಕ ಕೀ ಮುಂದಿನ ತುದಿ ಕೆಳಗಿನ ರೇಲಿಗೂ ಕಾಗದ ಬೇಕಾಗ್ತದ.