ಮಳೆನೀರಿಗೂ ಬಿಲ್ಲಾ, ಸರ್?

ಪ್ರಶ್ನೆ: ನಮಸ್ಕಾರ ಸರ್. ಕಾಸರಗೋಡು ಪೇಟೆಯ ತಗ್ಗಿನಲ್ಲಿ ನನ್ನದೊಂದು ಜೀನಸಿನ ಅಂಗಡಿ ಉಂಟು. ಜೂನ್ ಬಂತೆಂದರೆ ಚರಂಡಿ ಉಕ್ಕಿ ನೀರು ಒಳಗೆ. ಕಳೆದ ಮಳೆಗಾಲದಲ್ಲಿ ಅಕ್ಕಿ ಮೂಟೆಗಳನ್ನೆಲ್ಲ ಬೆಂಚಿನ ಮೇಲೆ ಏರಿಸಿ ರಾತ್ರಿಯಿಡೀ ಕಾದು ಕೂತೆ. ಕೇಳಿದರೆ ಫಂಡ್ ಇಲ್ಲ ಅನ್ನುತ್ತಾರೆ. ಅಮೆರಿಕದಲ್ಲಿ ಕರೆಂಟ್ ಬಿಲ್ಲಿನ ಹಾಗೆ ಮಳೆನೀರಿಗೂ ಬಿಲ್ ಬರುತ್ತದೆ ಅಂತ ಅಲ್ಲಿರುವ ನಮ್ಮ ಭಾವ ಹೇಳಿದರು. ಹೌದಾ? ತೆರಿಗೆ ಕಟ್ಟಿದ ಮೇಲೆ ಮತ್ತೆ ಇದೆಂಥದು?

ಉತ್ತರ: ಭಾವ ಹೇಳಿದ್ದು ಸರಿ. ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ ನಗರದಲ್ಲಿ ಇದು 1974ರಲ್ಲೇ ಶುರುವಾಯಿತು. ಈಗ ಆ ದೇಶದ ಸಾವಿರಕ್ಕೂ ಹೆಚ್ಚು ಊರುಗಳಲ್ಲಿ ಉಂಟು. ಜರ್ಮನಿಯ ಬಿಲ್ಲಿನಲ್ಲೂ ಕೊಳಚೆ ನೀರಿನ ಲೆಕ್ಕ ಬೇರೆ, ಮಳೆನೀರಿನ ಲೆಕ್ಕ ಬೇರೆ.

ಇದು ತೆರಿಗೆ ಅಲ್ಲ, ಶುಲ್ಕ. ಹೆಚ್ಚಿನ ಕಡೆ ನಿಮ್ಮ ಜಾಗದಲ್ಲಿ ನೀರು ಇಂಗದ ಭಾಗ ಎಷ್ಟುಂಟು ಅಂತ ನೋಡುತ್ತಾರೆ: ಮಾಡು (ಛಾವಣಿ), ಕಾಂಕ್ರೀಟ್ ಅಂಗಳ, ಪಾರ್ಕಿಂಗ್. ಮೇಲಿನಿಂದ ತೆಗೆದ ಫೋಟೋದಲ್ಲೇ ಅಳೆಯುತ್ತಾರೆ. ಆ ಊರಿನ ಸಾಧಾರಣ ಮನೆ ಒಂದು ಯೂನಿಟ್. ಅಂಥ 20 ಮನೆಯಷ್ಟು ಜಾಗಕ್ಕೆ ಕಾಂಕ್ರೀಟ್ ಹಾಕಿದ ಮಾಲ್‌ಗೆ 20 ಯೂನಿಟ್‌ನ ಬಿಲ್.

ನಮ್ಮೂರಿನ ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 5 ಸೆಂಟ್ಸ್ ಅಂದರೆ ಸುಮಾರು 200 ಚದರ ಮೀಟರ್. ಅಷ್ಟಕ್ಕೂ ಕಾಂಕ್ರೀಟ್ ಹಾಕಿದರೆ, 100 ಮಿಲಿಮೀಟರ್ ಮಳೆಗೆ 20,000 ಲೀಟರ್ ನೀರು ಗೇಟಿನಿಂದ ಹೊರಗೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅಷ್ಟು ಮಳೆ ನಮಗೆ ಹೊಸದಲ್ಲ ಅಲ್ವಾ? ಗುಡ್ಡದ ಮೇಲಿನವರು ಅಂಗಳ ಚಂದ ಮಾಡಿದ್ದಕ್ಕೆ ನಿಮ್ಮ ಅಕ್ಕಿ ಮೂಟೆ ಬೆಂಚು ಹತ್ತಿದೆ.

ಪ್ರಶ್ನೆ (ಇನ್ನೊಬ್ಬರು): ದೇವಸ್ಥಾನ, ಮಸೀದಿ, ಶಾಲೆಗಳಿಗೂ ಉಂಟಾ ಸರ್?

ಉತ್ತರ: ಅಲ್ಲಿನ ಜಗಳವೆಲ್ಲ ಅದಕ್ಕೇ ಅಕ್ಕ. ತೆರಿಗೆ ಇಲ್ಲದ ಚರ್ಚು, ಶಾಲೆಗಳಿಗೂ ಎಷ್ಟೋ ಊರುಗಳಲ್ಲಿ ಈ ಬಿಲ್ ಬರುತ್ತದೆ. ಅಲ್ಲಿನ ಕೇಂದ್ರ ಸರ್ಕಾರದ ಕಟ್ಟಡಗಳಿಗೂ ಈ ಶುಲ್ಕ ಕಟ್ಟಬೇಕು ಅಂತ 2011ರಲ್ಲಿ ಕಾನೂನು ಬಂತು. ಮೇರಿಲ್ಯಾಂಡ್ ರಾಜ್ಯದಲ್ಲಿ 2012ರಲ್ಲಿ ಕಡ್ಡಾಯ ಮಾಡಿದಾಗ ಜನ 'ಮಳೆ ತೆರಿಗೆ' ಅಂತ ಗೇಲಿ ಮಾಡಿದರು. 2015ರಲ್ಲಿ ಆ ಕಡ್ಡಾಯ ಹೋಯಿತು.

ಪ್ರಶ್ನೆ: ನಮ್ಮಲ್ಲಿ ತಂದರೆ ನೀರು ನಿಲ್ಲುತ್ತದಾ?

ಉತ್ತರ: ಸುಮ್ನೆ ತಂದರೆ ಇಲ್ಲ. ಆ ಹಣಕ್ಕೆ ಬೇರೆ ಖಾತೆ ಬೇಕು, ಚರಂಡಿ, ತೋಡು (ಸಣ್ಣ ಹಳ್ಳ) ಬಿಟ್ಟು ಬೇರೆಯದಕ್ಕೆ ಮುಟ್ಟಬಾರದು. ಇಂಗುಗುಂಡಿ ಮಾಡಿದವರಿಗೆ ರಿಯಾಯಿತಿ ಬೇಕು, ಅಲ್ಲೂ ಕೊಡುತ್ತಾರೆ. ಆದರೆ ಕಡಿದಾದ ಗುಡ್ಡದಲ್ಲಿ ಕಂಡಲ್ಲೆಲ್ಲ ಗುಂಡಿ ತೋಡಬೇಡಿ ಮಾರಾಯ್ರೆ, ಧರೆ ಜರಿದೀತು.

ಇನ್ನೊಂದುಂಟು. ಈ ಲೆಕ್ಕಕ್ಕೆ ಸಿಗುವುದು ಕಾಂಕ್ರೀಟ್ ಮಾತ್ರ. ಗದ್ದೆಗೆ ಮಣ್ಣು ತುಂಬಿಸಿದ್ದು, ತೋಡಿನ ಬದಿ ಒತ್ತಿ ಗೋಡೆ ಕಟ್ಟಿದ್ದು ಬಿಲ್ಲಿನಲ್ಲಿ ಬರುವುದಿಲ್ಲ. ನನಗೆ ಕೇಳಿದರೆ ನಮ್ಮ ಕಡೆ ತೊಂದರೆ ಅಲ್ಲೇ ಜಾಸ್ತಿ. ಮೊದಲು ಗದ್ದೆಯೇ ನೀರು ಹಿಡಿದು ನಿಲ್ಲಿಸುತ್ತಿತ್ತು.

ನೀವೊಂದು ಕೆಲಸ ಮಾಡಿ. ನಿಮ್ಮ ಚರಂಡಿ ತೋಡಿಗೆ ಸೇರುವವರೆಗೆ ಬೇಸಿಗೆಯಲ್ಲಿ ಒಮ್ಮೆ ನಡೆದು ಹೋಗಿ. ಅಗಲ ಎಲ್ಲಿ ಕಡಿಮೆಯಾಗುತ್ತದೋ ಅಲ್ಲಿ ಟೇಪ್ ಹಿಡಿದು ಫೋಟೋ ತೆಗೆಯಿರಿ. ಮೇಲೆ ಮೂರಡಿ ಚರಂಡಿ, ಕೆಳಗೆ ಒಂದಡಿ ಪೈಪ್ ಇರುವ ಕಡೆ ನಾನು ಬೇಕಾದಷ್ಟು ನೋಡಿದ್ದೇನೆ.

ಪ್ರಶ್ನೆ: ಪೈಪ್ ಉಂಟು ಸರ್. ಅಂಗಡಿಯಿಂದ ನಾಲ್ಕನೇ ಕಟ್ಟಡದ ಅಡಿಯಲ್ಲಿ.

ಉತ್ತರ: ಹಾಗಾದರೆ ಮೊದಲು ಅದನ್ನೇ ಅಳೆಯಿರಿ. ಫೋಟೋ ಇಲ್ಲೇ ಹಾಕಿ, ಎಷ್ಟು ಅಗಲ ಬೇಕು ಅಂತ ಲೆಕ್ಕ ಮಾಡಿ ಕೊಡುತ್ತೇನೆ.