ಲೈಪ್‌ಜಿಗ್‌ಗೆ ಹೋಗಬಹುದಾ ಅಂತ ಕೇಳಿದ ಅಕ್ಕನಿಗೆ

ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕೆಲಸ ಸಿಕ್ಕಿದೆ, ಆದರೆ ಅಲ್ಲಿ ವಲಸಿಗರನ್ನು ವಿರೋಧಿಸುವ ಕಟ್ಟಾ ಬಲಪಂಥದ ಪಕ್ಷ ಎಎಫ್‌ಡಿ ಜೋರಂತೆ, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ ಅಂತ ಮಂಗಳೂರಿನ ಅಕ್ಕ ಒಬ್ಬರು ಕೇಳಿದ್ದರು. ನಾವು ಅದೇ ದೇಶದ ಡ್ರೆಸ್ಡೆನ್‌ನಲ್ಲಿರುವವರು. ಈಗ ರಜೆಗೆ ಉಡುಪಿಗೆ ಬಂದಿದ್ದೇವೆ. ಹೊರಗೆ ಬಿಡದ ಮಳೆ, ಬರೆಯಲು ಪುರುಸೊತ್ತಿದೆ.

"ಅವರ ಸಿಟ್ಟು ಬೇರೆಯವರ ಮೇಲೆ. ಟ್ಯಾಕ್ಸ್ ಕಟ್ಟುವ ನಮ್ಮ ತಂಟೆಗೆ ಬರಲ್ಲ" ಅಂತ ಅಕ್ಕನಿಗೆ ಮೂರ್ನಾಲ್ಕು ಜನ ಸಮಾಧಾನ ಹೇಳಿದ್ದಾರೆ. ನನಗೆ ಒಪ್ಪಿಗೆ ಇಲ್ಲ.

2000ದಲ್ಲಿ ಜರ್ಮನಿ ಕಂಪ್ಯೂಟರ್ ಇಂಜಿನಿಯರುಗಳಿಗೆ ಗ್ರೀನ್ ಕಾರ್ಡ್ ಕೊಡಲು ಹೊರಟಾಗ ಅಲ್ಲಿನ ಒಂದು ರಾಜ್ಯದ ಚುನಾವಣೆಯಲ್ಲಿ ಓಡಾಡಿದ ಘೋಷಣೆ 'ಕಿಂಡರ್ ಷ್ಟಾಟ್ ಇಂಡರ್'. ಇಂಡಿಯನ್ನರ ಬದಲು ನಮ್ಮ ಮಕ್ಕಳು ಅಂತ. ಅದು ಅಂಟಿಕೊಂಡಿದ್ದು ನಡು-ಬಲಪಂಥದ ಸಿಡಿಯು ಪಕ್ಷದ ನಾಯಕ ರ‍್ಯೂಟ್ಗರ್ಸ್ ಹೆಸರಿಗೆ, ಕಟ್ಟಾ ಬಲಪಂಥದವರಿಗೂ ಅಲ್ಲ. ಪುಣ್ಯಕ್ಕೆ ಅವರು ಸೋತರು. 2007ರ ಆಗಸ್ಟ್‌ನಲ್ಲಿ ಮ್ಯೂಗೆಲ್ನ್ ಎಂಬ ಸಣ್ಣ ಪೇಟೆಯ ಹಬ್ಬದಲ್ಲಿ ಸುಮಾರು 50 ಜನ ಸೇರಿ 8 ಇಂಡಿಯನ್ನರನ್ನು ಅಟ್ಟಿಸಿಕೊಂಡು ಹೋದರು. ಅವರು ಒಬ್ಬ ಇಂಡಿಯನ್ನನದ್ದೇ ಪಿಜ್ಜಾ ಅಂಗಡಿಗೆ ನುಗ್ಗಿ ಬಚಾವಾದರು. ಎಂಟೂ ಜನರಿಗೆ ಗಾಯ. ಅಟ್ಟಿಸಿದವರು ಟ್ಯಾಕ್ಸ್ ರಸೀದಿ ಕೇಳಲಿಲ್ಲ. ಈ ಮ್ಯೂಗೆಲ್ನ್ ಇರುವುದು ಲೈಪ್‌ಜಿಗ್ ಇರುವ ಸ್ಯಾಕ್ಸನಿ ರಾಜ್ಯದಲ್ಲೇ.

ನಮ್ಮ ತಂಟೆಗೆ ಬರಲ್ಲ ಅನ್ನೋ ಮಾತು ನಾನೂ ಆಡಿದ್ದೇನೆ. 2009ರ ಜನವರಿಯಲ್ಲಿ ಮಂಗಳೂರಿನ ಪಬ್‌ಗೆ ಗುಂಪೊಂದು ನುಗ್ಗಿ ಹುಡುಗಿಯರಿಗೆ ಹೊಡೆದಾಗ ನಾನು ಕಾಲೇಜಿನಲ್ಲಿದ್ದೆ. ಹಾಸ್ಟೆಲ್‌ನಲ್ಲಿ ಟಿವಿ ನೋಡುತ್ತಾ "ಅವರಿಗೆ ಅಲ್ಲಿಗೆ ಹೋಗೋ ಹಣೆಬರಹ ಯಾಕೆ" ಅಂದವರ ಜೊತೆ ನಾನೂ ತಲೆಯಾಡಿಸಿದೆ. ಈಗ ರಾತ್ರಿ ಟ್ರ್ಯಾಮ್‌ನಲ್ಲಿ ನಾಲ್ಕು ಹುಡುಗರು ಜೋರಾಗಿ ಹಾಡುತ್ತಾ ಹತ್ತಿದರೆ ಮುಂದಿನ ಸ್ಟಾಪ್‌ನಲ್ಲಿ ಸುಮ್ನೆ ಇಳಿದುಬಿಡುತ್ತೇನೆ.

ಹಾಗಂತ ಓಟು ಹಾಕಿದವರೆಲ್ಲ ಹೊಡೆಯುವವರಲ್ಲ. 2013ರಲ್ಲಿ ಯೂರೋ ಬೇಡ ಅಂತ ಶುರುವಾದ ಎಎಫ್‌ಡಿ 2025ರಲ್ಲಿ ದೇಶದಲ್ಲಿ ಶೇ. 20.8 ಓಟು ಪಡೆದು ಎರಡನೇ ಸ್ಥಾನಕ್ಕೆ ಬಂತು. ಸ್ಯಾಕ್ಸನಿಯಲ್ಲಿ ಮೊದಲನೇ ಸ್ಥಾನ. ನಮ್ಮ ಕೆಳಗಿನ ಮನೆಯ ತಾತನೂ ಅವರಿಗೇ ಹಾಕಿದ್ದು, ನನ್ನ ಎದುರೇ ಹೇಳಿದರು. ಮಗಳ ಸೈಕಲ್ ಚೈನ್ ಕಳಚಿದರೆ ಸರಿ ಮಾಡಿಕೊಡುವವರೂ ಅವರೇ. ಇದನ್ನು ಮಗಳಿಗೆ ಹೇಗೆ ಹೇಳುವುದು ಅಂತ ನನಗಿನ್ನೂ ಹೊಳೆದಿಲ್ಲ.

ನಿನ್ನೆ ಅಜ್ಜಿ ಹೊಸ್ತಿಲ ಒಳಗೆ ಅಕ್ಕಿಹಿಟ್ಟಿನಲ್ಲಿ ಸ್ವಸ್ತಿಕ ಬರೆಯುತ್ತಿದ್ದರು. ಮಗಳು ಓಡಿಬಂದು ಕಾಲಿನಿಂದ ಉಜ್ಜಿಬಿಟ್ಟಳು. "ಪೊಲೀಸ್ ಬರ್ತಾರೆ ಅಜ್ಜಿ!" ಅಜ್ಜಿಗೆ ತಬ್ಬಿಬ್ಬು. "ಉಡುಪಿಗಾ?" ಅಂತ ಕೇಳಿದರು. ಅವಳಿಗೆ ಎಂಟು ವರ್ಷ.

ಅಕ್ಕಾ, ಹೋಗಿ. ಆದರೆ ಮನೆ ಊರೊಳಗೇ ಮಾಡಿ, ಬಾಡಿಗೆ ಜಾಸ್ತಿಯಾದರೂ ಸರಿ. ಲೈಪ್‌ಜಿಗ್ ನಗರದ ಗಾಳಿಯೇ ಬೇರೆ, ದಕ್ಷಿಣದ ಕ್ಷೇತ್ರದಲ್ಲಿ 2025ರಲ್ಲಿ ಗೆದ್ದಿದ್ದು ಎಡಪಕ್ಷ. ನಾಜಿಗಳ ಗುರುತೂ ಸ್ವಸ್ತಿಕವೇ, ಅದನ್ನು ತೋರಿಸುವುದು ಅಲ್ಲಿ ಅಪರಾಧ. ನಮ್ಮದು ಬೇರೆ ಅಂತ ಬಾಗಿಲಲ್ಲಿ ನಿಂತು ವಿವರಿಸುವ ಕಷ್ಟ ಬೇಡ. ಹೊಸ ಕಾರಿಗೆ ಪೂಜೆ ಮಾಡಿದರೆ ಕುಂಕುಮದ ಬೊಟ್ಟು ಸಾಕು.